ಲಿಪಿ ಚೀನಾದ್ದು, ಕ್ರಿಯಾಪದ ಮನೆಯದು

ಮಾನ್ಯರೇ,

ಜಪಾನಿ ಭಾಷೆ ಚೀನಿಯಿಂದ ಹುಟ್ಟಿದ್ದು, ಒಂದನ್ನು ಕಲಿತರೆ ಇನ್ನೊಂದು ಅರ್ಧ ಬಂದ ಹಾಗೆ ಎಂಬ ಮಾತು ಶಿಕ್ಷಣ ಪುರವಣಿಗಳಲ್ಲೂ ಕೋಚಿಂಗ್ ಜಾಹೀರಾತುಗಳಲ್ಲೂ ಪದೇ ಪದೇ ಕಾಣುತ್ತದೆ. ಇದು ತಪ್ಪು. ಸಂಸ್ಕೃತದ ಪದಗಳು ತುಂಬಿಕೊಂಡಿವೆ ಎಂದಮಾತ್ರಕ್ಕೆ ಕನ್ನಡ ಸಂಸ್ಕೃತದ ಮಗಳಾಗುವುದಿಲ್ಲವಲ್ಲ, ಹಾಗೆಯೇ ಇದೂ. ಚೀನಾದಿಂದ ಜಪಾನಿಗೆ ಬಂದದ್ದು ಕಾಂಜಿ ಲಿಪಿ ಮತ್ತು ರಾಶಿ ರಾಶಿ ನಾಮಪದ. ಕ್ರಿಯಾಪದ ಮಾತ್ರ ಬಹುಪಾಲು ಮನೆಯದೇ, ಅಂದರೆ ಜಪಾನಿಯ ಸ್ವಂತದ್ದೇ.

‘ತಿನ್ನು’ ಎನ್ನಲು ಜಪಾನಿಯಲ್ಲಿ ‘ತಬೆರು’. ಬರೆಯುವಾಗ ‘ತ’ ಎಂಬಷ್ಟಕ್ಕೆ ಒಂದು ಕಾಂಜಿ, ಉಳಿದ ‘ಬೆರು’ಗೆ ಹಿರಾಗಾನಾದ (ಉಚ್ಚಾರವನ್ನಷ್ಟೇ ಬರೆಯುವ ಜಪಾನಿ ಲಿಪಿ) ಎರಡು ಅಕ್ಷರ. ಈ ಬಾಲಕ್ಕೆ ಒಕುರಿಗಾನಾ ಎಂದು ಹೆಸರು. ಬೀಜಿಂಗಿನ ‘ಚಿ’ (ತಿನ್ನು) ನಿನ್ನೆಗೂ ನಾಳೆಗೂ ಅದೇ ‘ಚಿ’. ಅದರ ರೂಪ ಬದಲಾಗುವುದಿಲ್ಲ, ಬೇಕಾದರೆ ಹಿಂದೆ ‘ಲ’ದಂಥ ಒಂದು ಪುಟ್ಟ ಪದ ಸೇರುತ್ತದೆ ಅಷ್ಟೆ. ಜಪಾನಿ ಕನ್ನಡದ ಹಾಗೆ ಪ್ರತ್ಯಯಗಳನ್ನು ಪೋಣಿಸುತ್ತದೆ: ತಬೆತ ಎಂದರೆ ತಿಂದ, ತಬೆನಾಯ್ ತಿನ್ನುವುದಿಲ್ಲ, ತಬೆಸಸೆತ ತಿನ್ನಿಸಿದ, ತಬೆಸಸೆರರೆತ ಎಂದರೆ ಬೇಡವೆಂದರೂ ತಿನ್ನಬೇಕಾಯಿತು. ಈ ಸರಪಳಿ ಚೀನಿ ಅಕ್ಷರಗಳಿಗೆ ಒಗ್ಗದ್ದರಿಂದಲೇ ಬಾಲಕ್ಕೆ ಬೇರೆ ಲಿಪಿ ಬೇಕಾಯಿತು. ಇನ್ನೊಂದು ಸ್ವಾರಸ್ಯ: ‘ತಬೆರು’ವಿನ ಕಾಂಜಿ ಹಳೆಯ ಚೀನಿಯದು. ಇಂದಿನ ಮ್ಯಾಂಡರಿನ್ ಮಾತಿನಲ್ಲಿ ತಿನ್ನುವುದಕ್ಕೆ ಬೇರೆ ಅಕ್ಷರ ಬಂದಿದೆ, ದಕ್ಷಿಣ ಚೀನಾದ ಕ್ಯಾಂಟನೀಸ್ ಹಳೆಯದನ್ನೇ ಉಳಿಸಿಕೊಂಡಿದೆ.

ಕನ್ನಡಿಗರಿಗೆ ನಿಜವಾಗಿ ಅನುಕೂಲವಿರುವುದು ಇಲ್ಲಿ. ‘ತಬೆತೆ ಮಿರು’ ಎಂದರೆ ಅಕ್ಷರಶಃ ತಿಂದು ನೋಡು. ‘ಶಿತೆ ಒಕು’ ಮಾಡಿ ಇಡು, ‘ತಬೆತೆ ಶಿಮಉ’ ತಿಂದುಬಿಡು. ಎಡವುವುದು ಮಾತ್ರ ‘ಇರು’ವಿನಲ್ಲಿ. (ಹೌದು, ಜಪಾನಿಯಲ್ಲೂ ಅದು ‘ಇರು’ವೇ! ಇಷ್ಟಕ್ಕೇ ನೆಂಟಸ್ತನ ಕಟ್ಟಬೇಕಿಲ್ಲ. ಜಪಾನಿಗೆ ತಮಿಳಿನ ಸಂಬಂಧವಿದೆ ಎಂದು ಜಪಾನಿನ ಭಾಷಾವಿದ್ವಾಂಸ ಸುಸುಮು ಓನೊ ವಾದಿಸಿದ್ದರು, ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ.) ‘ತಬೆತೆ ಇರು’ ಎಂದರೆ ತಿನ್ನುತ್ತಿದ್ದಾನೆ. ಅದೇ ಅಳತೆಯಲ್ಲಿ ‘ತಂದೆ ಟೋಕಿಯೋಗೆ ಹೋಗುತ್ತಿದ್ದಾರೆ’ ಎನ್ನಲು ‘ಇತ್ತೆ ಇರು’ ಎಂದರೆ ಕೆಟ್ಟಿತು. ಕೇಳಿದವರಿಗೆ ಅವರು ಆಗಲೇ ಹೋಗಿದ್ದಾರೆ, ಅಲ್ಲೇ ಇದ್ದಾರೆ ಎಂದಾಗುತ್ತದೆ. ಹೋಗು, ಬಾ, ಸಾಯಿ, ಮದುವೆಯಾಗು ಇಂಥವು ಸ್ಥಿತಿಯನ್ನು ಒಮ್ಮೆಲೇ ಬದಲಿಸುವ ಕ್ರಿಯೆಗಳು. ಅವುಗಳೊಡನೆ ‘ಇರು’ ಬಂದರೆ ಬದಲಾದ ಮೇಲಿನ ಸ್ಥಿತಿಯನ್ನು ಹೇಳುತ್ತದೆ. ‘ಶಿಂದೆ ಇರು’ ಎಂದರೆ ಸತ್ತಿದೆ, ಸಾಯುತ್ತಿದೆ ಅಲ್ಲ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇದು ತಲೆನೋವು. ‘ಹೋಗಿ ಇದ್ದಾರೆ’ ಎಂದು ಕನ್ನಡದಲ್ಲೇ ಬಿಡಿಸಿಕೊಂಡರೆ ಅರ್ಧ ತಲೆನೋವು ಇಳಿಯುತ್ತದೆ.

ಈಗ ಚೀನಿ ಪಾಲಿಗೆ ಬರೋಣ. ‘ಹೋಗು’ ಎಂಬ ಕಾಂಜಿಯೊಂದನ್ನೇ ನೋಡಿ. ಮನೆಯ ಓದು, ಅಂದರೆ ಆ ಅಕ್ಷರಕ್ಕೆ ಜಪಾನಿಯದೇ ಉಚ್ಚಾರ, ಇಕು (ಹೋಗು), ಬಾಲ ಬೇರೆಯಾದರೆ ಒಕೊನಉ (ನೆರವೇರಿಸು). ಚೀನಿಯಿಂದ ಬಂದ ಓದು ಮೂರು: ಗ್ಯೋ, ಕೋ, ಆನ್. ಒಂದೇ ಅಕ್ಷರ ಮೂರು ಸಲ ಬಂದಿಳಿಯಿತು. ಮೊದಲು 5-6ನೇ ಶತಮಾನದ ಹೊತ್ತಿಗೆ ದಕ್ಷಿಣ ಚೀನಾದ ಉಚ್ಚಾರ, ಬಳಿಕ ಚೀನಾದ ತಾಂಗ್ ರಾಜವಂಶದ ಕಾಲದಲ್ಲಿ ರಾಜಧಾನಿ ಚಾಂಗಾನಿನದು, ಕೊನೆಗೆ ಝೆನ್ ಬೌದ್ಧ ಸನ್ಯಾಸಿಗಳೂ ವರ್ತಕರೂ ತಂದದ್ದು. ಹೊಸದು ಬಂತೆಂದು ಹಳೆಯದನ್ನು ಬಿಸಾಡಲಿಲ್ಲ. ಹಾಗಾಗಿ ಬೌದ್ಧ ಸಾಧನೆ ಶುಗ್ಯೋ, ಪ್ರವಾಸ ರ್‍ಯೊಕೋ, ಹಳೆಯ ಕಾಗದದ ದೀಪ ಆಂದೊನ್. ನಮ್ಮಲ್ಲಿ ಯೋಗಿಯೂ ಜೋಗಿಯೂ ಜೊತೆಗೇ ಬದುಕಿರುವಂತೆ ಎನ್ನಿ.

ಬಾಲವಿದ್ದರೆ ಮನೆಯ ಓದು, ಎರಡು ಕಾಂಜಿ ಅಂಟಿಕೊಂಡಿದ್ದರೆ ಚೀನಿ ಓದು ಎಂಬುದು ಬಹುತೇಕ ನಿಲ್ಲುವ ನಿಯಮ. ‘ತೆಗಾಮಿ’ಯಂಥವು ಅದನ್ನು ಮುರಿಯುತ್ತವೆ. ಕೈ, ಕಾಗದ ಎಂಬ ಎರಡು ಕಾಂಜಿ, ಎರಡೂ ಮನೆಯ ಓದು, ಅರ್ಥ ಪತ್ರ. ಚೀನಾದಲ್ಲಿ ಅದೇ ಎರಡು ಅಕ್ಷರಕ್ಕೆ ಶೌಚಾಲಯದ ಕಾಗದ ಎಂದರ್ಥ. ದಿನಬಳಕೆಯ ಕಾಂಜಿಗಳೆಂದು ಜಪಾನ್ ಸರ್ಕಾರ 2010ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ 2136 ಕಾಂಜಿಗಳಿವೆ. ಅಷ್ಟಕ್ಕೂ ಓದುಗಳ ಕೋಷ್ಟಕ ಉರು ಹೊಡೆಯುವುದು ವ್ಯರ್ಥ. ಒಂದೊಂದು ಕಾಂಜಿಗೂ ಒಂದು ಮನೆಯ ಕ್ರಿಯಾಪದ, ಎರಡು ಜೋಡುಪದ ಬರೆದುಕೊಂಡರೆ ಓದು ತಾನಾಗಿ ಕೂರುತ್ತದೆ.

ಜೋಡುಪದವನ್ನು ಕ್ರಿಯಾಪದ ಮಾಡುವ ಬಗೆಯೂ ನಮ್ಮದೇ. ‘ಬೆಂಕ್ಯೋ ಸುರು’ ಎಂದರೆ ಅಧ್ಯಯನ ಮಾಡು; ‘ಆಯ್’ಗೆ ‘ಸುರು’ ಅಂಟಿದರೆ ಪ್ರೀತಿಸು. ಆದರೆ ಜೋಡುಪದದ ಹೊಟ್ಟೆಯೊಳಗೆ ಚೀನಿ ವ್ಯಾಕರಣ ಅಡಗಿದೆ: ‘ದೊಕುಶೊ’ದಲ್ಲಿ ಓದು ಮೊದಲು, ಪುಸ್ತಕ ಆಮೇಲೆ. ‘ರಕುಬ’ದಲ್ಲಿ ಬೀಳು ಮೊದಲು, ಕುದುರೆ ಆಮೇಲೆ. ಕುದುರೆ ಒಳಗೇ ಇರುವುದನ್ನು ಮರೆತು ‘ಕುದುರೆಯಿಂದ ರಕುಬ’ ಎಂದರೆ ನಮ್ಮ ‘ನಡುಮಧ್ಯೆ’ಯ ಹಾಗೆ ಎರಡೆರಡು ಸಲ ಹೇಳಿದಂತೆ. ಅರ್ಥವನ್ನೂ ನೆಚ್ಚುವಂತಿಲ್ಲ. ‘ಬೆಂಕ್ಯೋ’ದ ಅವೇ ಅಕ್ಷರಗಳು ಚೀನಿಯಲ್ಲಿ ಒಲ್ಲದ ಮನಸ್ಸಿನ ಬಲವಂತವನ್ನು ಸೂಚಿಸುತ್ತವೆ. ಹಿಂದಿಯಲ್ಲಿ ವಿದ್ಯೆಯಾದ ‘ಶಿಕ್ಷಾ’ ಕನ್ನಡದಲ್ಲಿ ‘ಶಿಕ್ಷೆ’ಯಾದದ್ದನ್ನು ಬಲ್ಲವರು ಇದಕ್ಕೆ ಬೆರಗಾಗಲಾರರು.

ನುಡಿಗಟ್ಟುಗಳಲ್ಲಿ ಎರಡು ಬಣ: ಚೀನಾದಿಂದ ಬಂದವು, ಮನೆಯವು. ಬಾವಿಯ ಕಪ್ಪೆ ಕಡಲನ್ನರಿಯದು ಎಂಬುದು ಪುರಾತನ ಚೀನಿ ದಾರ್ಶನಿಕ ಝುವಾಂಗ್‌ಝಿಯ ಗ್ರಂಥದ ಕಪ್ಪೆ. ಕೋಣನ ಮುಂದೆ ಕಿನ್ನರಿ ಎನ್ನುವಲ್ಲಿ ಚೀನಿಯರು ದನದ ಮುಂದೆ ತಂತಿವಾದ್ಯ ನುಡಿಸುತ್ತಾರೆ, ಜಪಾನಿಗರು ಕುದುರೆಯ ಕಿವಿಯಲ್ಲಿ ಬುದ್ಧನಾಮ ಜಪಿಸುತ್ತಾರೆ. ಮೈಯ ಅಂಗಗಳನ್ನು ಹಿಡಿದು ಕಟ್ಟಿದ ಮಾತುಗಳು ಹೆಚ್ಚಾಗಿ ಮನೆಯವು. ‘ಹರ ಗ ತತ್ಸು’, ಹೊಟ್ಟೆ ಎದ್ದು ನಿಂತಿತು ಎಂದರೆ ಸಿಟ್ಟು ಬಂತು. ‘ಕಾವೊ ಗ ಹಿರೋಯ್’, ಮುಖ ಅಗಲ ಎಂದರೆ ಪರಿಚಯಸ್ಥರು ಬಹಳ. ಇವನ್ನು ಅಕ್ಷರ ನೋಡಿ ಊಹಿಸಲಾಗದು, ಇಡಿಯಾಗಿಯೇ ಕಲಿಯಬೇಕು.

‘ದಾಸೊಕು ದೆಸು ಗ’ ಎಂದು ಜಪಾನಿಗರು ಕೊನೆಗೆ ಒಂದು ಮಾತು ಸೇರಿಸುವುದುಂಟು. ದಾಸೊಕು ಎಂದರೆ ಹಾವಿನ ಕಾಲು. ಹಾವಿನ ಚಿತ್ರ ಬರೆದು ಮುಗಿಸಿ ಕಾಲನ್ನೂ ಬಿಡಿಸಹೋಗಿ ಪಂದ್ಯ ಸೋತವನ ಚೀನಿ ಕಥೆಯಿಂದ ಬಂದದ್ದು. ನಮ್ಮ ಹಾವಿನ ಕಾಲು ಇದು: ಪುರಾತನ ಚೀನಿ ಗಾದೆಯೆಂದು ಜಾಹೀರಾತುಗಳು ಹೊಗಳುವ ‘ಇಸ್ಸೆಕಿ ನಿಚೋ’, ಒಂದೇ ಕಲ್ಲಿಗೆ ಎರಡು ಹಕ್ಕಿ, ಇಂಗ್ಲಿಷಿನಿಂದ ಜಪಾನಿಗೆ ಅನುವಾದವಾದ ಮಾತು.

– ಜಪಾನಿ ಭಾಷೆ ಕಲಿಸುವ ಶಿಕ್ಷಕರು, ಬೆಂಗಳೂರು