ಬಣ್ಣ ಬಳಿದಲ್ಲೆಲ್ಲ ನಿರ್ಧಾರವಿಲ್ಲ

ಮಾನ್ಯರೇ,

ಮೆದುಳಿನ ಚಿತ್ರ ಹಾಕಿ, ಹಣೆಯ ಹಿಂದಿನ ಭಾಗಕ್ಕೆ ಕೆಂಪು ಬಳಿದು ‘ನಿರ್ಧಾರ ಹುಟ್ಟುವುದು ಇಲ್ಲೇ’ ಎಂದು ಬರೆಯುವುದು ವಿಜ್ಞಾನ ಪುಟಗಳಲ್ಲಿ ರೂಢಿಯಾಗಿಬಿಟ್ಟಿದೆ. ಸ್ಕ್ಯಾನ್‌ನಲ್ಲಿ ಒಂದು ಜಾಗ ಹೊಳೆದ ಮಾತ್ರಕ್ಕೆ ಕೆಲಸವೆಲ್ಲ ಅಲ್ಲೇ ನಡೆಯುತ್ತದೆ ಎನ್ನಲಾಗದು.

ಹೆಸರಾದ ಒಂದು ಪ್ರಯೋಗ ನೋಡಿ. ಪರದೆಯ ಮೇಲೆ ಚುಕ್ಕಿಗಳು ದಿಕ್ಕಾಪಾಲಾಗಿ ಓಡುತ್ತಿರುತ್ತವೆ, ಕೆಲವು ಮಾತ್ರ ಒಂದೇ ಕಡೆಗೆ. ಅದು ಎಡವೋ ಬಲವೋ ಎಂಬುದನ್ನು ಕೋತಿ ಕಣ್ಣು ಹೊರಳಿಸಿ ತಿಳಿಸಬೇಕು. ಒಂದೇ ಕಡೆ ಸಾಗುವ ಚುಕ್ಕಿಗಳು ಶೇ 51.2ರಷ್ಟಿದ್ದರೆ ಉತ್ತರ ಥಟ್ಟನೆ ಬರುತ್ತದೆ. ಶೇ 3.2ಕ್ಕೆ ಇಳಿಸಿದರೆ ತಡವೂ ಆಗುತ್ತದೆ, ತಪ್ಪೂ ಹೆಚ್ಚುತ್ತದೆ. ಚಲನೆಯನ್ನು ಗುರುತಿಸುವ ‘ಎಂಟಿ’ ಭಾಗದ ನರಕೋಶಗಳು ಆಯಾ ಕ್ಷಣಕ್ಕೆ ಕಂಡದ್ದನ್ನಷ್ಟೇ ವರದಿ ಮಾಡುತ್ತವೆ. ಕಣ್ಣಿನ ಚಲನೆಗೆ ನಂಟಿರುವ ‘ಎಲ್‌ಐಪಿ’ ಭಾಗದಲ್ಲಿ ಮಾತ್ರ ಆ ವರದಿಗಳನ್ನು ಯಾರೋ ಕೂಡುತ್ತಿದ್ದಾರೇನೋ ಎಂಬಂತೆ ನರಕೋಶಗಳ ವಿದ್ಯುತ್ ಮಿಡಿತ ಏರುತ್ತ ಹೋಗುತ್ತದೆ. ಅದು ಸೆಕೆಂಡಿಗೆ 70ರ ಆಸುಪಾಸು ಮುಟ್ಟಿತೋ, ಕಣ್ಣು ಹೊರಳಿತು. ನಿರ್ಧಾರದ ಜಾಗ ಸಿಕ್ಕೇಬಿಟ್ಟಿತು ಎನ್ನಿಸುವುದು ಸಹಜವೇ.

ಆದರೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನರಕೋಶಗಳನ್ನು ಕೆಲಕಾಲ ಸುಮ್ಮನಾಗಿಸುವ ಮಸ್ಸಿಮೋಲ್ ಎಂಬ ರಾಸಾಯನಿಕವನ್ನು ಎಲ್‌ಐಪಿಗೆ ಚುಚ್ಚಿದರೂ ಉತ್ತರ ಅಷ್ಟೇನೂ ಕೆಡಲಿಲ್ಲ. ಎಂಟಿಗೆ ಚುಚ್ಚಿದಾಗ ಚೆನ್ನಾಗಿಯೇ ಕೆಟ್ಟಿತು. ಲೆಕ್ಕ ಒಂದು ಕಡೆ ಕಾಣಿಸಿಕೊಳ್ಳುತ್ತದೆ ಎಂದರೆ ಲೆಕ್ಕ ಹಾಕಿದ್ದೂ ಅದೇ ಎಂದಲ್ಲ! ಈ ಚರ್ಚೆ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು.

ಚಿತ್ರಗಳಲ್ಲಿ ಎಂದೂ ಕಾಣದ ಇನ್ನೊಂದು ಭಾಗವಿದೆ: ತಡೆ. ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾದ ಒಂದು ಹಾದಿ ‘ಮಾಡು’ ಎನ್ನುತ್ತದೆ, ಇನ್ನೊಂದು ‘ಬೇಡ’ ಎನ್ನುತ್ತದೆ. ಡೋಪಮೈನ್ ಎಂಬ ಮೆದುಳಿನ ರಾಸಾಯನಿಕ ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ತಗ್ಗಿಸುತ್ತದೆ. ಎರಡು ಆಯ್ಕೆಗಳು ಸರಿಸಮ ಎನ್ನಿಸಿದಾಗ ಅಲ್ಲಿನ ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗ ‘ತಾಳು’ ಎಂದು ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ. ಪಾರ್ಕಿನ್ಸನ್ ರೋಗಿಗಳ ನಡುಕ ತಗ್ಗಿಸಲು ಮೆದುಳಿಗೆ ತಂತಿ ಇಳಿಸಿ, ಸೆಕೆಂಡಿಗೆ ಸುಮಾರು 130 ಸಲ ವಿದ್ಯುತ್ ಕೊಡುವುದು ಹೆಚ್ಚಾಗಿ ಇಲ್ಲಿಗೇ. 2007ರ ಅಧ್ಯಯನವೊಂದರಲ್ಲಿ, ವಿದ್ಯುತ್ ಕೊಡುವ ಈ ಸಾಧನ ಚಾಲೂ ಇದ್ದಾಗ ಇಂಥ ರೋಗಿಗಳು ಕಷ್ಟದ ಆಯ್ಕೆ ಎದುರಾದರೂ ನಿಧಾನಿಸಲಿಲ್ಲ, ಇನ್ನೂ ಅವಸರಪಟ್ಟರು. ಅದು ಸ್ವಭಾವದ ದೋಷವಲ್ಲ, ಬ್ರೇಕ್ ಸಡಿಲವಾದದ್ದು. ಮನೆಯವರು ಇದನ್ನು ವೈದ್ಯರ ಗಮನಕ್ಕೆ ತಂದರೆ ವಿದ್ಯುತ್ತಿನ ಪ್ರಮಾಣವನ್ನು ಹೊಂದಿಸಿ ನೋಡಬಹುದು.

ಮುಂದೆ ಬಣ್ಣದ ಚಿತ್ರ ಹಾಕುವಾಗ, ಆ ಭಾಗವನ್ನು ಸುಮ್ಮನಾಗಿಸಿ ಪರೀಕ್ಷಿಸಿದ್ದಾರೆಯೇ ಇಲ್ಲವೇ ಎಂಬುದನ್ನು ಅಡಿಬರಹದಲ್ಲೇ ಒಂದು ಸಾಲು ತಿಳಿಸಿ.

– ನರವಿಜ್ಞಾನ ಅಧ್ಯಾಪಕರು