ಗಿರಗಿರ ತಿರುಗುವ ಹಕ್ಕಿಗೆ ಕಾಯಿಲೆ ಇಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಂದೆ ಸರಿಯುತ್ತಲೇ ನಮ್ಮ ಭಾಗದ ಕೆರೆ, ಡ್ಯಾಮುಗಳ ಹಕ್ಕಿ ಚಿತ್ರಗಳು ‘ವಿದೇಶಿ ಅತಿಥಿ’ ಎಂಬ ಹಣೆಪಟ್ಟಿ ಹೊತ್ತು ಬರತೊಡಗುತ್ತವೆ. ಎಷ್ಟೋ ಸಲ ಆ ಅತಿಥಿ ವರ್ಷವಿಡೀ ಇಲ್ಲೇ ಬಾಳುವ ಮೆಟ್ಟುಗಾಲು ಹಕ್ಕಿ (ಬ್ಲ್ಯಾಕ್-ವಿಂಗ್ಡ್ ಸ್ಟಿಲ್ಟ್)! ನಿಜಕ್ಕೂ ದಾರಿ ಬಿಟ್ಟು ಬಂದ ಹಕ್ಕಿ ಗುರುತೇ ಸಿಗದೆ ಹೋಗುತ್ತದೆ. ಇಲ್ಲವೇ ‘ತಲೆ ಕೆಟ್ಟ ಹಕ್ಕಿ’ ಎನಿಸಿಕೊಂಡು ಹುಡುಗರ ಕಲ್ಲಿಗೆ ಗುರಿಯಾಗುತ್ತದೆ.

ರೆಡ್-ನೆಕ್ಡ್ ಫ್ಯಾಲರೋಪ್ ಅಂಥದ್ದು. ಆರ್ಕ್ಟಿಕ್‌ನ ಜೌಗು ಬಯಲಲ್ಲಿ ಮರಿ ಮಾಡಿ ಚಳಿಗಾಲವನ್ನು ಅರಬ್ಬಿ ಸಮುದ್ರದ ನಡುನೀರಿನಲ್ಲಿ ಕಳೆಯುತ್ತದೆ. ಕಲಬುರಗಿಯಿಂದ ಕಡಲು 350 ಕಿ.ಮೀ.ಗೂ ದೂರ. ಆದರೂ ವಲಸೆಯ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಮತ್ತೆ ಏಪ್ರಿಲ್–ಮೇನಲ್ಲಿ ಒಳನಾಡಿನ ಕೆರೆಗೆ ಒಂದೆರಡು ಇಳಿಯುವುದುಂಟು. ನಮ್ಮ ಭಾಗದ ಬೋನಾಳ ಕೆರೆ, ಬೆಣ್ಣೆತೊರಾ, ಕಾರಂಜಾ ಜಲಾಶಯಗಳಲ್ಲಿ ದಡದ ಕೆಸರನ್ನಷ್ಟೇ ಅಲ್ಲ, ನಡುನೀರನ್ನೂ ನೋಡಬೇಕು.

ಸುಮಾರು 18 ಸೆಂ.ಮೀ. ಉದ್ದದ ಈ ಪುಟ್ಟ ಹಕ್ಕಿ ಬೆಂಡಿನಂತೆ ತೇಲುತ್ತ, ಇದ್ದಲ್ಲೇ ಬುಗುರಿಯಾಡುತ್ತದೆ. ಸುತ್ತಿದಾಗ ಮೇಲಿನ ನೀರು ಹೊರಕ್ಕೆ ಸರಿದು, ಕೆಳಗಿನ ನೀರು ಸಣ್ಣ ಹುಳುಗಳ ಸಮೇತ ಮೇಲೇಳುತ್ತದೆ. ಕೊಕ್ಕಿನ ತುದಿಗೆ ಹುಳುವಿದ್ದ ಹನಿ ಅಂಟುತ್ತದೆ. ಕೊಕ್ಕು ತೆರೆದು ಮುಚ್ಚಿದಂತೆಲ್ಲ ಆ ಹನಿ ಬಾಯಿಯತ್ತ ಏರುತ್ತದೆ. ಇದು ಊಟ, ಕಾಯಿಲೆಯಲ್ಲ. ಕಾಯಿಲೆಯ ಹಕ್ಕಿಯಾದರೆ ಕತ್ತು ಜೋಲುತ್ತದೆ, ರೆಕ್ಕೆ ಇಳಿಬೀಳುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಹೆಸರು ನಂಬಿ ಕೆಂಪು ಕತ್ತು ಹುಡುಕಿದರೆ ಕೆಟ್ಟಿರಿ. ಆ ಬಣ್ಣ ಸಂತಾನದ ಕಾಲದ್ದು, ಅದೂ ಹೆಣ್ಣಿನಲ್ಲೇ ಗಾಢ (ಈ ಜಾತಿಯಲ್ಲಿ ಮೊಟ್ಟೆಗೆ ಕಾವು ಕೊಡುವವನು ಗಂಡು). ಮಳೆಗಾಲದ ಬೆನ್ನಿಗೆ ಇಲ್ಲಿಗೆ ಬರುವಾಗ ಸಾಮಾನ್ಯವಾಗಿ ಮುಖ ಬಿಳಿ, ಕಣ್ಣಿನ ಹಿಂದೆ ಕಪ್ಪು ಪಟ್ಟೆ, ಸೂಜಿಯಂಥ ಕಪ್ಪು ಕೊಕ್ಕು, ಬೂದು ಬೆನ್ನಿನ ಮೇಲೆ ಬಿಳಿ ಗೆರೆ. ಆ ವರ್ಷದ ಮರಿಯಾದರೆ ಕಪ್ಪು ಬೆನ್ನಿನ ಮೇಲೆ ಹೊಂಬಣ್ಣದ ಗೆರೆಗಳು. ಕೊಕ್ಕು ದಪ್ಪಗಿದ್ದು ಬೆನ್ನು ಗೆರೆಯಿಲ್ಲದ ಬೂದುಬಣ್ಣವಾಗಿದ್ದರೆ ಅದು ಇನ್ನೂ ಅಪರೂಪದ ಗ್ರೇ ಫ್ಯಾಲರೋಪ್ ಇರಬಹುದು. ಹೀಗಾಗಿ ಕೊಕ್ಕು, ಬೆನ್ನು ಎರಡೂ ಕಾಣುವ ಚಿತ್ರ ಬೇಕೇ ಬೇಕು.

ಬಿಸಿಲು ಬೆನ್ನಿಗಿರಲಿ, ಬೆಳಕಿಗೆದುರಾಗಿ ತೆಗೆದರೆ ಎಲ್ಲವೂ ಕರಿ ಚುಕ್ಕೆ. ಮೊಬೈಲ್ ಝೂಮ್ ಎಳೆದರೆ ಕೊಕ್ಕೂ ನೀರೂ ಕಲಸಿಹೋಗುತ್ತವೆ, ಅದರ ಬದಲು ಬೈನಾಕ್ಯುಲರ್‌ಗೆ ಮೊಬೈಲ್ ಕ್ಯಾಮೆರಾ ಆನಿಸಿ ಅರ್ಧ ನಿಮಿಷ ವಿಡಿಯೊ ಮಾಡಿ. ಪಕ್ಕದಲ್ಲಿ ಮೆಟ್ಟುಗಾಲು ಸಿಕ್ಕರೆ ಅದೂ ಚೌಕಟ್ಟಿನಲ್ಲಿರಲಿ, ಗಾತ್ರ ತಿಳಿಯುತ್ತದೆ. ಹತ್ತಿರದಿಂದ ತೆಗೆಯುವ ಆಸೆಗೆ ನೀರಿಗಿಳಿಯಬೇಡಿ, ಡ್ರೋನ್ ಅಂತೂ ಬೇಡವೇ ಬೇಡ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ದಿನಾಂಕ, ಜಾಗದ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಸೇರಿಸುವಾಗ ಕೆರೆಯ ಹೆಸರು, ಸಮಯ, ಎಣಿಕೆಯ ಜೊತೆ ಕಂಡ ಲಕ್ಷಣವನ್ನೂ ನಾಲ್ಕು ಸಾಲು ಬರೆಯಿರಿ. ಅಪರೂಪದ ದಾಖಲೆಯನ್ನು ಪರಿಶೀಲಕರು ಪ್ರಶ್ನಿಸಿದರೆ ಅವಮಾನವೆಂದು ತಿಳಿಯುವವರಿದ್ದಾರೆ. ಅದು ಅವರ ಕೆಲಸ, ಮೂಲ ಚಿತ್ರ ಕೊಟ್ಟರಾಯಿತು.

ಪತ್ರಿಕೆಗೂ ಒಂದು ಕೋರಿಕೆ: ಓದುಗರು ಕಳಿಸಿದ ಹಕ್ಕಿ ಚಿತ್ರದ ಕೆಳಗೆ ಕೆರೆಯ ಹೆಸರು ಮತ್ತು ಚಿತ್ರ ತೆಗೆದ ದಿನಾಂಕ ಹಾಕಿ. ಗುರುತು ಖಚಿತವಾಗುವವರೆಗೆ ‘ಅತಿಥಿ’ ಎನ್ನುವ ಬದಲು ‘ಹಕ್ಕಿ’ ಎಂದರೆ ಸಾಕು.

– ಹವ್ಯಾಸಿ ಪಕ್ಷಿ ವೀಕ್ಷಕರು, ಕಲಬುರಗಿ