ಹಿಂದಿನ ಸಾಲಿನ ಶಾಸಕರು ಕೇಳಿದ್ದನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಅಧಿವೇಶನದ ದಿನಗಳಲ್ಲಿ ಪತ್ರಿಕೆ ತೆರೆದರೆ ಧರಣಿ, ಸಭಾತ್ಯಾಗ, ಸದನದ ಬಾವಿಗಿಳಿದವರ ಫೋಟೊ, ಇಬ್ಬರು ನಾಯಕರ ಏಟು–ಎದಿರೇಟು ಸಿಗುತ್ತವೆ. ಅದೇ ದಿನ ಸದನದ ಹಿಂದಿನ ಸಾಲಿನಲ್ಲಿ ಕೂರುವ ಶಾಸಕರೊಬ್ಬರು ತಮ್ಮ ತಾಲ್ಲೂಕಿನ ವಿದ್ಯಾರ್ಥಿನಿಲಯಗಳ ಬಗ್ಗೆ ಕೇಳಿದ ಪ್ರಶ್ನೆಯಾಗಲಿ, ಅದಕ್ಕೆ ಬಂದ ಅನುಬಂಧವಾಗಲಿ ಎಲ್ಲಿಯೂ ಕಾಣುವುದಿಲ್ಲ. ಮರುದಿನವೂ ಇಲ್ಲ. ಸದನದಲ್ಲಿ ನಡೆದದ್ದನ್ನು ಕೇಸಿನ ಭಯವಿಲ್ಲದೆ ಅಚ್ಚು ಹಾಕುವ ಕಾನೂನಿನ ರಕ್ಷಣೆಯನ್ನು ಈ ದೇಶದ ಪತ್ರಿಕೆಗಳಿಗೆ ಮೊದಲು ತಂದುಕೊಟ್ಟವರೇ ಸಚಿವಗಿರಿ ಇಲ್ಲದ ಒಬ್ಬ ಸಾಮಾನ್ಯ ಸದಸ್ಯರು. ಅದನ್ನು ನೆನಪಿಸಿ ನಿಮ್ಮ ಮುಂದೆ ಒಂದು ಬೇಡಿಕೆ ಇಡಬೇಕಾಗಿದೆ.

ಅವರು ಫಿರೋಜ್ ಗಾಂಧಿ. 1952ರಲ್ಲಿ ರಾಯ್‌ಬರೇಲಿ ಕಡೆಯಿಂದ ಲೋಕಸಭೆಗೆ ಬಂದ ಕಾಂಗ್ರೆಸ್ ಸದಸ್ಯರು, ಪ್ರಧಾನಿ ನೆಹರೂ ಅವರ ಅಳಿಯ. ಮೊದಲ ಕೆಲವು ವರ್ಷ ಅವರು ಮಾತಾಡಿದ್ದೇ ಕಡಿಮೆ. 1955ರ ಡಿಸೆಂಬರ್‌ನಲ್ಲಿ ವಿಮಾ ತಿದ್ದುಪಡಿ ಮಸೂದೆಯ ಚರ್ಚೆಗೆ ಎದ್ದು ನಿಂತಾಗ ಕೈಯಲ್ಲಿ ಲೆಕ್ಕಪತ್ರಗಳಿದ್ದವು. ದಾಲ್ಮಿಯಾ ಸಮೂಹದ ಭಾರತ್ ಇನ್ಶೂರೆನ್ಸ್ ಕಂಪನಿಯಲ್ಲಿ ಪಾಲಿಸಿದಾರರ ಹಣ ಹೇಗೆ ಮಾಲೀಕರ ಬೇರೆ ವ್ಯವಹಾರಗಳಿಗೆ ಹರಿದುಹೋಗುತ್ತಿದೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಮುಂದಿನ ತಿಂಗಳು, 1956ರ ಜನವರಿ 19ರಂದು, ಸರ್ಕಾರ ಸುಗ್ರೀವಾಜ್ಞೆಯ ಮೂಲಕ 245 ಜೀವವಿಮಾ ಸಂಸ್ಥೆಗಳ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಸೆಪ್ಟೆಂಬರ್ 1ರಂದು ಎಲ್‌ಐಸಿ ಹುಟ್ಟಿತು. ರಾಷ್ಟ್ರೀಕರಣಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಆ ಭಾಷಣವನ್ನು ಬಿಟ್ಟು ಅದರ ಕಥೆ ಹೇಳಲಾಗದು.

ಪತ್ರಿಕೆಗಳಿಗೆ ಸಂಬಂಧಿಸಿದ ವಿಷಯ ಬರುವುದು ಇಲ್ಲಿ. ಸದಸ್ಯರು ಸದನದೊಳಗೆ ಏನು ಹೇಳಿದರೂ ಸಂವಿಧಾನದ 105ನೇ ವಿಧಿಯ ರಕ್ಷಣೆ ಇತ್ತು. ಅದೇ ಮಾತನ್ನು ವರದಿ ಮಾಡಿದ ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡುವುದಕ್ಕೆ ಅಡ್ಡಿ ಇರಲಿಲ್ಲ. ಹಾಗಾಗಿ ಹಣವಂತರ ಹೆಸರು ಬಂದ ಕಡೆ ಪೆನ್ನು ತಡೆಯುತ್ತಿತ್ತು. ಫಿರೋಜ್ ಖಾಸಗಿ ಸದಸ್ಯರ ಮಸೂದೆಯೊಂದನ್ನು, ಅಂದರೆ ಸಚಿವರಲ್ಲದ ಸದಸ್ಯರು ಮಂಡಿಸುವ ಮಸೂದೆಯನ್ನು, ತಂದರು. ಅದು 1956ರಲ್ಲಿ ಸಂಸತ್ ಕಲಾಪಗಳ ಪ್ರಕಟಣೆಗೆ ರಕ್ಷಣೆ ಕೊಡುವ ಕಾಯ್ದೆಯಾಯಿತು. ವರದಿ ಸಾರಾಂಶದಲ್ಲಿ ನಿಜವಾಗಿದ್ದು, ದುರುದ್ದೇಶವಿಲ್ಲದಿದ್ದರೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಸ್ವಾತಂತ್ರ್ಯ ಬಂದಾಗಿನಿಂದ ಕಾಯ್ದೆಯಾದ ಖಾಸಗಿ ಸದಸ್ಯರ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಆ ಹದಿನಾಲ್ಕರಲ್ಲಿ ಇದೂ ಒಂದು. ತುರ್ತು ಪರಿಸ್ಥಿತಿಯಲ್ಲಿ ಈ ಕಾಯ್ದೆಯನ್ನು ರದ್ದು ಮಾಡಿದರು, 1977ರಲ್ಲಿ ಮತ್ತೆ ತಂದರು. 1978ರ 44ನೇ ತಿದ್ದುಪಡಿಯಿಂದ ಸಂವಿಧಾನಕ್ಕೇ 361ಎ ವಿಧಿ ಸೇರಿತು. ಮೊದಲಿನ ಕಾಯ್ದೆ ಸಂಸತ್ತಿಗಷ್ಟೇ ಅನ್ವಯವಾಗುತ್ತಿತ್ತು, 361ಎ ರಾಜ್ಯಗಳ ವಿಧಾನಸಭೆ, ವಿಧಾನ ಪರಿಷತ್ತುಗಳನ್ನೂ ಒಳಗೊಂಡಿದೆ. ಬೆಂಗಳೂರು, ಬೆಳಗಾವಿಯ ಕಲಾಪವನ್ನು ನಿಮ್ಮ ವರದಿಗಾರರು ಬರೆಯುವಾಗ ಅವರ ಬೆನ್ನಿಗಿರುವುದು ಅದೇ.

ಇನ್ನು ಮುಂಧ್ರಾ ಪ್ರಕರಣ. ಇದನ್ನು ಹಗರಣವೆಂದು ಎಲ್ಲರೂ ಬಲ್ಲರು. ಅದು ಸದನದಲ್ಲಿ ಬೆಳೆದ ಬಗೆಯನ್ನು ಗಮನಿಸಿದವರು ಕಡಿಮೆ. 1957ರ ಜೂನ್‌ನಲ್ಲಿ ಎಲ್‌ಐಸಿ ಉದ್ಯಮಿ ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಸುರಿದಿತ್ತು. ಹೂಡಿಕೆ ಸಮಿತಿಯನ್ನು ಮೊದಲು ಕೇಳಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೊದಲ ಪ್ರಶ್ನೆ ಎತ್ತಿದವರು ರಾಮ್ ಸುಭಗ್ ಸಿಂಗ್, ಅವರೂ ಆಡಳಿತ ಪಕ್ಷದವರೇ. ಬಂದ ಉತ್ತರ ಸಮಾಧಾನ ತರಲಿಲ್ಲ. ನವೆಂಬರ್‌ನಲ್ಲಿ ಮತ್ತೆ ಪ್ರಶ್ನೆ, ಅದರ ಬೆನ್ನಿಗೆ ಉಪಪ್ರಶ್ನೆಗಳು. ಡಿಸೆಂಬರ್ 16ರಂದು ಫಿರೋಜ್ ಪೂರ್ಣ ಚರ್ಚೆ ಎತ್ತಿಕೊಂಡರು. ಪಾಲಿಸಿದಾರರ ಹಣದಲ್ಲಿ ಈ ಷೇರುಗಳನ್ನೇ, ಈ ಬೆಲೆಗೇ ಏಕೆ ಕೊಂಡಿರಿ ಎಂಬುದು ಅವರ ಪಟ್ಟು. ಮುಂದಿನ ತಿಂಗಳು ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ಬಂತು. ವಿಚಾರಣೆ ಬಹಿರಂಗವಾಗಿ ನಡೆಯಿತು. ಫೆಬ್ರವರಿಯಲ್ಲಿ ವರದಿ ಬಂತು, ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಸೆಪ್ಟೆಂಬರ್, ನವೆಂಬರ್, ಡಿಸೆಂಬರ್. ಒಂದೇ ವಿಷಯವನ್ನು ಮೂರು ಸಲ ಹಿಡಿದು, ಪ್ರತಿ ಸಲ ಹಿಂದಿನ ಉತ್ತರವನ್ನು ಮುಂದಿಟ್ಟುಕೊಂಡು ಕೇಳಿದ್ದರಿಂದ ಅದು ಗಟ್ಟಿಯಾಯಿತು. ಇದರಲ್ಲಿ ಯಾವ ಹೆಜ್ಜೆಗೂ ಯಾರೂ ತಮ್ಮ ಪಕ್ಷದ ವಿರುದ್ಧ ಮತ ಹಾಕಬೇಕಾಗಿರಲಿಲ್ಲ. ‘ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಶಾಸಕರ ಬಾಯಿ ಕಟ್ಟಿದೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಕಾಯ್ದೆ ಎಂದರೆ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ. ಅದರಲ್ಲಿ ವಿಪ್, ಅಂದರೆ ಪಕ್ಷದ ಆದೇಶ, ಕಟ್ಟಿಹಾಕುವುದು ಮತದಾನವನ್ನು, ಮತದಾನಕ್ಕೆ ಗೈರಾಗುವುದನ್ನು. ಪ್ರಶ್ನೆ ಕೇಳುವುದಕ್ಕೆ ಅದು ಅಡ್ಡಿಯಿಲ್ಲ. ಫಿರೋಜ್ ಅಂದು ಮಾಡಿದ್ದನ್ನು ಆಡಳಿತ ಪಕ್ಷದ ಸದಸ್ಯರು ಇಂದೂ ಮಾಡಬಹುದು. ಪಕ್ಷದೊಳಗೆ ಟಿಕೆಟ್ಟಿನ ಭಯ ಬೇರೆ ವಿಷಯ, ಅದಕ್ಕೆ ಕಾನೂನನ್ನು ನೆಪ ಮಾಡಬಾರದು.

ಈಗಿನ ಲೋಕಸಭೆಯ ಲೆಕ್ಕ ಹೀಗಿದೆ. ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು, ಒಬ್ಬ ಸದಸ್ಯರಿಗೆ ಒಂದು ದಿನಕ್ಕೆ ಐದು ನೋಟಿಸ್. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು, ಅದರಲ್ಲಿ ವಾದ, ಊಹೆ, ಆರೋಪ ಇರಬಾರದು. ಯಾರದು ಮೊದಲು ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ದಿನಕ್ಕೆ ಚುಕ್ಕೆ ಗುರುತಿನ (ಬಾಯಿಮಾತಿನ ಉತ್ತರ ಬಯಸುವ) 20 ಪ್ರಶ್ನೆ, ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರದ) 230. ಆ ಇಪ್ಪತ್ತರಲ್ಲಿ ಸದನದಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಬೆರಳೆಣಿಕೆಯಷ್ಟಕ್ಕೆ, ಗದ್ದಲವಾದ ದಿನ ಒಂದಕ್ಕೂ ಇಲ್ಲ. ಲಿಖಿತ ಉತ್ತರಗಳು ಮಾತ್ರ ಗದ್ದಲವಿದ್ದರೂ ಮೇಜಿನ ಮೇಲೆ ಬಂದೇ ಬರುತ್ತವೆ. ಸುದ್ದಿಯ ಕಣಜ ಇರುವುದು ಅಲ್ಲಿ, ಯಾರೂ ಹೋಗದಿರುವುದೂ ಅಲ್ಲಿಗೇ.

ಪ್ರಶ್ನೆ ಹೇಗೆ ಕೆಡುತ್ತದೆ ಎಂಬುದನ್ನು ನಮ್ಮ ವಿಧಾನಮಂಡಲದ ಪ್ರಶ್ನೋತ್ತರದ ಹಾಳೆಯಲ್ಲೇ ನೋಡಬಹುದು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ‘ಬಂದಿದೆ.’ (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡಿರುವ ಕ್ರಮಗಳೇನು? ‘ಖಾಲಿ ಹುದ್ದೆಗಳನ್ನು ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ವಹಿಸಲಾಗುವುದು.’ ಮುಗಿಯಿತು. ಈ ಜಾಡಿನ ಪ್ರಶ್ನೆಯನ್ನು ಯಾವ ಇಲಾಖೆಗೆ ಕೇಳಿದರೂ ಇದೇ ಉತ್ತರ ಬರುತ್ತದೆ, ಏಕೆಂದರೆ ಪ್ರಶ್ನೆಯೇ ಅಂಕಿ ಕೇಳಿಲ್ಲ.

ಅದನ್ನೇ ಹೀಗೆ ಕೇಳಲಿ: ಆ ಆಸ್ಪತ್ರೆಗೆ ಮಂಜೂರಾದ ವೈದ್ಯರ ಹುದ್ದೆಗಳೆಷ್ಟು, ಭರ್ತಿಯಾದವು ಎಷ್ಟು, ಭರ್ತಿಯಾದವರಲ್ಲಿ ನಿಯೋಜನೆ ಮೇಲೆ ಬೇರೆಡೆ ಕೆಲಸ ಮಾಡುತ್ತಿರುವವರು ಎಷ್ಟು, ಯಾವ ಆದೇಶದಡಿ, ಪ್ರತಿ ಖಾಲಿ ಹುದ್ದೆ ಯಾವ ದಿನಾಂಕದಿಂದ ಖಾಲಿ, ಕಳೆದ ಮೂರು ವರ್ಷಗಳಲ್ಲಿ ಅಲ್ಲಿಂದ ಜಿಲ್ಲಾಸ್ಪತ್ರೆಗೆ ಕಳಿಸಿದ ಹೆರಿಗೆ ಪ್ರಕರಣಗಳೆಷ್ಟು (ವರ್ಷವಾರು ವಿವರ ನೀಡುವುದು). ಈಗ ‘ಗಮನಕ್ಕೆ ಬಂದಿದೆ’ ಎಂದು ಜಾರಲು ಜಾಗವಿಲ್ಲ. ನಿಯೋಜನೆಯ ಒಂದು ಸಾಲನ್ನು ಮರೆತರೆ ಪ್ರಶ್ನೆಯೆಲ್ಲ ಹುಸಿಯಾಗುತ್ತದೆ: ವೈದ್ಯರು ಕಾಗದದ ಮೇಲೆ ತಾಲ್ಲೂಕಿನಲ್ಲಿ, ಸಂಬಳವೂ ಅಲ್ಲಿಂದ, ಕೆಲಸ ಮಾತ್ರ ನಗರದಲ್ಲಿ. ಹುದ್ದೆ ‘ಭರ್ತಿ’ಯ ಪಟ್ಟಿಗೆ ಸೇರಿಕೊಂಡು ಕೊರತೆಯೇ ಇಲ್ಲವೆಂಬ ಉತ್ತರ ಬರುತ್ತದೆ. ಇಷ್ಟು ಸೂಕ್ಷ್ಮವಾಗಿ ಕೇಳುವ ಶಾಸಕರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಅವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ, ಬೋರ್ಡು ಎತ್ತಿ ಹಿಡಿದವರ ಹೆಸರು ಬರುತ್ತದೆ. ಮುಂದಿನ ಅಧಿವೇಶನದ ಹೊತ್ತಿಗೆ ಅವರೂ ಬೋರ್ಡು ಹಿಡಿದರೆ ತಪ್ಪು ಯಾರದು?

ಇನ್ನೊಂದು ಕಡೆ ವಿಷಯ ಸೋರಿಹೋಗುತ್ತದೆ. ‘ಪರಿಶೀಲಿಸಲಾಗುವುದು’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಎಂದು ಸಚಿವರು ಹೇಳಿದರೆ ಅದು ಸದನಕ್ಕೆ ಕೊಟ್ಟ ಭರವಸೆ. ಲೋಕಸಭೆಯಲ್ಲಿ ಇಂಥ ಭರವಸೆಗಳನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರಿತೋ ಇಲ್ಲವೋ ನೋಡುವುದಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಇದೆ, ನಮ್ಮಲ್ಲೂ ಇದೆ. ಅದರ ವರದಿಗಳು ಮಂಡನೆಯಾದ ದಿನ ಪತ್ರಿಕೆಗಳಲ್ಲಿ ಒಂದು ಸಾಲು ಬಂದರೆ ಹೆಚ್ಚು. ಪ್ರಶ್ನೆ ಕೇಳಿದ ಶಾಸಕರಿಗೇ ತಾವು ಪಡೆದ ಭರವಸೆ ಮರೆತಿರುತ್ತದೆ.

ಇಲಾಖೆಗಳು ಹಣ ಕೇಳುವ ಬಜೆಟ್ ಬೇಡಿಕೆಗಳ ಮೇಲೆ ಕಡಿತ ಸೂಚನೆ ಕೊಡುವ ಹಕ್ಕೂ ಸಂಸದರಿಗಿದೆ: ನೀತಿಯನ್ನೇ ಒಪ್ಪದಿದ್ದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನಬಹುದು, ಒಂದು ನಿರ್ದಿಷ್ಟ ದೂರು ಹೇಳುವುದಿದ್ದರೆ 100 ರೂಪಾಯಿ ಕಡಿತ ಸಾಕು. ಚರ್ಚೆಗೆ ದಿನ ಉಳಿಯದೆ ಬಹುಪಾಲು ಬೇಡಿಕೆಗಳು ಕೊನೆಯ ಸಂಜೆ ಒಟ್ಟಿಗೇ ಮತಕ್ಕೆ ಹೋಗುವುದರಿಂದ ಈ ಸೂಚನೆಗಳಿಗೆ ಉಸಿರಿಲ್ಲ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ಸೇರಬೇಕೆಂದು 2005ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡಿದ್ದೇವೆ. ಆ ಸಂಖ್ಯೆ ಮುಟ್ಟುವುದು ಅಪರೂಪ. ಕಲಾಪದ ದಿನ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಹಿಂದಿನ ಸಾಲಿನವರ ಸಮಯಕ್ಕೆ.

ಅಧಿವೇಶನ ಮುಗಿದಾಗ ಯಾರ ಹಾಜರಾತಿ ಎಷ್ಟು ಶೇಕಡಾ, ಯಾರು ಎಷ್ಟು ಪ್ರಶ್ನೆ ಕೇಳಿದರು ಎಂಬ ಪಟ್ಟಿ ಕೆಲವೊಮ್ಮೆ ಬರುತ್ತದೆ. ದಯವಿಟ್ಟು ಅಷ್ಟಕ್ಕೇ ನಿಲ್ಲಿಸಬೇಡಿ. ‘ಗಮನಕ್ಕೆ ಬಂದಿದೆಯೇ’ ಎಂಬ ಒಂದೇ ಅಚ್ಚಿನಲ್ಲಿ ನೂರು ಪ್ರಶ್ನೆ ಹಾಕುವುದು ಸುಲಭ. 2005ರಲ್ಲಿ ಪ್ರಶ್ನೆ ಕೇಳಲು ಹಣ ಪಡೆದದ್ದಕ್ಕೆ ಲೋಕಸಭೆಯ 10, ರಾಜ್ಯಸಭೆಯ ಒಬ್ಬ ಸದಸ್ಯರನ್ನು ಉಚ್ಚಾಟಿಸಿದ್ದು ನೆನಪಿರಲಿ. ಆ ಪ್ರಶ್ನೆಗಳೂ ಎಣಿಕೆಗೆ ಸೇರುವಂಥವೇ. ಏನು ಕೇಳಿದರು, ಯಾರಿಗಾಗಿ ಕೇಳಿದರು ಎಂದು ಓದಿ ನೋಡುವವರು ಇದ್ದರೆ ಮಾತ್ರ ಅಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ.

ನಮ್ಮ ಬೇಡಿಕೆ ಇಷ್ಟು. ಅಧಿವೇಶನದ ಪ್ರತಿ ದಿನ ಜಿಲ್ಲಾ ಪುಟದಲ್ಲಿ ಅರ್ಧ ಕಾಲಂ ಮೀಸಲಿಡಿ. ಆ ಜಿಲ್ಲೆಗೆ ಸಂಬಂಧಿಸಿದ ಒಂದು ಲಿಖಿತ ಉತ್ತರ ಆರಿಸಿ, ಪ್ರಶ್ನೆ ಸಂಖ್ಯೆ, ದಿನಾಂಕ, ಶಾಸಕರ ಹೆಸರು, ಕ್ಷೇತ್ರ ಹಾಕಿ. ಉತ್ತರದ ಮೊದಲ ಪುಟವನ್ನು ಬಿಟ್ಟು ನೇರವಾಗಿ ಅನುಬಂಧಕ್ಕೆ ಹೋಗಿ, ಅಂಕಿ ಇರುವುದು ಅಲ್ಲಿ. ಅದೇ ವಿಷಯಕ್ಕೆ ಹಿಂದಿನ ವರ್ಷ ಬಂದ ಉತ್ತರವಿದ್ದರೆ ಪಕ್ಕದಲ್ಲಿಟ್ಟು ಹೋಲಿಸಿ. ಒಂದೇ ಹುದ್ದೆಯ ಲೆಕ್ಕ ಎರಡು ಉತ್ತರಗಳಲ್ಲಿ ಎರಡು ರೀತಿ ಇದ್ದರೆ ಅದೇ ಸುದ್ದಿ. ಭರವಸೆ ಇದ್ದರೆ ಡೈರಿಯಲ್ಲಿ ದಿನಾಂಕ ಗುರುತು ಮಾಡಿ, ಮೂರು ತಿಂಗಳಿಗೆ ಅದೇ ಜಾಗದಲ್ಲಿ ಏನಾಯಿತೆಂದು ಬರೆಯಿರಿ.

ಒಂದು ಎಚ್ಚರಿಕೆ ಬೇಕು. ಸಭಾಧ್ಯಕ್ಷರು ‘ಕಡತದಿಂದ ತೆಗೆಯಿರಿ’ ಎಂದ ಮಾತನ್ನು ಪ್ರಕಟಿಸಬಾರದು. 1957ರಲ್ಲಿ ಬಿಹಾರ ವಿಧಾನಸಭೆಯ ಭಾಷಣವೊಂದರಲ್ಲಿ ಕಡತದಿಂದ ತೆಗೆದ ಭಾಗವನ್ನೂ ಅಚ್ಚು ಹಾಕಿ ಪಾಟ್ನಾದ ಸರ್ಚ್‌ಲೈಟ್ ಪತ್ರಿಕೆ ಸದನದ ಹಕ್ಕಿಗೆ ಧಕ್ಕೆ ತಂದಿತೆಂಬ ಹಕ್ಕುಚ್ಯುತಿ ಆರೋಪಕ್ಕೆ ಸಿಕ್ಕಿಕೊಂಡಿತು. ಸಂಪಾದಕರು ಸುಪ್ರೀಂ ಕೋರ್ಟಿಗೆ ಹೋದರೂ ಗೆಲ್ಲಲಿಲ್ಲ. ಲಿಖಿತ ಉತ್ತರಗಳಿಗೆ ಈ ತೊಡಕಿಲ್ಲ. ಸದನದ ಮೇಜಿಗೆ ಬಂದ ಮೇಲೆ ಅವು ಎಲ್ಲರಿಗೂ ಸೇರಿದವು. ಆರಂಭಕ್ಕೆ ಬೆಳಗಾವಿ ಅಧಿವೇಶನ ಆಗಬಹುದು, ಒಂದು ಜಿಲ್ಲೆಯ ಪುಟದಲ್ಲಿ, ತಾಲ್ಲೂಕು ಆಸ್ಪತ್ರೆಗಳ ಉತ್ತರಗಳಿಂದ.

ಇಂತಿ,
ಕಲಾಪದ ನಡವಳಿಗಳನ್ನು ಓದುವ ಓದುಗರು
ಧಾರವಾಡ